ತೊಡೆಯ ಮೇಲೆ ನಿಲ್ಲದ ನೀರು

ಘೀಸೂಲಾಲನಿಗೆ ಬಾಯಿ ಸುಮ್ಮನಿರುವುದಿಲ್ಲ. ಮೂರು ತಿಂಗಳ ಹಿಂದೆ ಪ್ಯಾಂಟಿನ ಬಟ್ಟೆಯನ್ನು ಎದುರುಮನೆಯ ದರ್ಜಿ ಭೆರೂಗೆ ಕೊಡುವಾಗ, "ಜೋಪಾನ ಭಾಯಿ, ಇದಕ್ಕೆ ವಿಕಿರಣ ಹಾಯಿಸಿದ್ದೀವಿ" ಎಂದು ಜಂಭ ಕೊಚ್ಚಿದ್ದ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಹೆಂಡತಿ ಸೋಹನಿ ಅವನ ಹಾಸಿಗೆಯನ್ನು ಜಗಲಿಗೆ ಎಸೆದಿದ್ದಳು.

ಭೀಲ್ವಾಡಾದ ಬಟ್ಟೆ ಪ್ರಯೋಗಾಲಯದಲ್ಲಿ ಅವನು ಒಂಬತ್ತು ವರ್ಷದಿಂದ ಹಂಗಾಮಿ ನೌಕರ. ಪಾಲಿಯೆಸ್ಟರ್ ಬೆರೆತ ಬಟ್ಟೆ ಬೆವರು ಹೀರುವುದಿಲ್ಲ, ವಿಕಿರಣ ಹಾಯಿಸಿದರೆ ಹೀರುತ್ತದೆ ಎಂದು ಅಲ್ಲಿನ ವಿಜ್ಞಾನಿ ಲೋಢಾ ಸಾಹೇಬರು ಕಂಡುಹಿಡಿದಿದ್ದರು. ಆ ಗುಣ ಒಗೆದ ಮೇಲೂ ಉಳಿಯುತ್ತದೋ ನೋಡಬೇಕಿತ್ತು. ಆ ಬಟ್ಟೆಯಲ್ಲಿ ಪ್ಯಾಂಟು ಹೊಲಿಸಿ, ಮೂರು ತಿಂಗಳು ಒಗೆದು ತೊಟ್ಟು ತೋರಿಸಿದರೆ ಕೆಲಸ ಕಾಯಂ ಎಂದು ಅವನಿಗೆ ಮಾತು ಕೊಟ್ಟಿದ್ದರು.

ಇವತ್ತು ಕೊನೆಯ ದಿನ. ಬೆಳಿಗ್ಗೆಯೇ ಪಕ್ಕದ ಮನೆಯ ಕಾಕಿ ಕೂಗಿದಳು, "ಏ ಘೀಸೂ, ದೂರ ಹೋಗಪ್ಪಾ! ನಮ್ಮ ಎಮ್ಮೆ ಗಬ್ಬ ಆಗಿದೆ!"

ಪ್ರಯೋಗಾಲಯಕ್ಕೆ ಗಿರಣಿ ಮಾಲೀಕ ಚೋರಡಿಯಾ ಸೇಠರು ಬಂದಿದ್ದರು. ಸಾಹೇಬರು ಘೀಸೂಲಾಲನ ತೊಡೆಯ ಮೇಲೆ ಒಂದು ಹನಿ ನೀರು ಬಿಟ್ಟರು.

"ನೋಡ್ತಿರಿ, ಥಟ್ಟಂತ ಇಂಗುತ್ತೆ."

ಹನಿ ಕೆಸುವಿನೆಲೆಯ ಮೇಲಿನಂತೆ ಉರುಳಿ ಚಪ್ಪಲಿಗೆ ಬಿತ್ತು. ಇನ್ನೊಂದು ಬಿಟ್ಟರು. ಆಮೇಲೆ ಲೋಟ ಬಗ್ಗಿಸಿದರು. ಕೊನೆಗೆ ಬೆವರುತ್ತಾ ಹೂಜಿಯನ್ನೇ ಸುರಿದರು. ನೆಲವೆಲ್ಲ ಕೆರೆಯಾಯಿತು.

"ಒಗೆದರೆ ಹೋಗೋ ಗುಣಕ್ಕೆ ನಾನ್ಯಾಕೆ ಕಾಸು ಹಾಕ್ಲಿ?" ಎಂದು ಸೇಠರು ಎದ್ದು ಹೋದರು.

"ವಿಕಿರಣ ವಿಭಾಗವೇ ಮುಚ್ಚಿತು. ನಾಳೆಯಿಂದ ಬರಬೇಡ," ಎಂದರು ಸಾಹೇಬರು, ಅವನ ಮುಖ ನೋಡದೆ.

ಒದ್ದೆ ಚಪ್ಪಲಿಯಲ್ಲೇ ಘೀಸೂಲಾಲ ಭೆರೂನ ಅಂಗಡಿ ಮುಂದೆ ಕುಸಿದು ಕೂತ. "ಹಾಳಾದ ಬಟ್ಟೆ ನನ್ನ ಮನೆ ತೊಳೀತು ಭಾಯಿ!"

ಭೆರೂ ಅಕ್ಕಪಕ್ಕ ನೋಡಿ ನಕ್ಕ. "ಹೆದರ್ಬೇಡ. ಆ ವಿಷಾನ ನಿನ್ನ ಸೊಂಟಕ್ಕೆ ಕಟ್ತೀನಾ? ನೀನು ಕೊಟ್ಟ ಬಟ್ಟೇನ ಅವತ್ತೇ ಸುಟ್ಟುಹಾಕಿದೆ. ಈ ಊರಲ್ಲಿ ಬೂದು ಬಟ್ಟೆಗೇನು ಬರ? ಅದೇ ಬಣ್ಣ, ಅದೇ ನೇಯ್ಗೆ. ನನ್ನ ಅಂಗಡೀ ಬಟ್ಟೇನೇ ಹೊಲಿದುಕೊಟ್ಟೆ."

ಘೀಸೂಲಾಲ ಎದ್ದು ನಿಂತ. "ಪಾಪಿ! ಮೂರು ತಿಂಗಳು ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನೀನು ಊರಿಗೆಲ್ಲ ಸಾರ್ತಿದ್ದೆ. ನಿನ್ನ ಬಾಯಿ ನಂಗೊತ್ತಿಲ್ವಾ?"

ಅವನು ಬೀದಿ ದಾಟಿ ಮನೆ ಸೇರುವ ಮೊದಲೇ ಬಟ್ಟೆ ಬದಲಾದ ಸುದ್ದಿ ಸೇರಿತ್ತು. ಕಾಕಿ ತಾನೇ ಮಜ್ಜಿಗೆ ತಂದು ಕೈಗಿತ್ತಳು. ಸೋಹನಿ ಜಗಲಿಯ ಹಾಸಿಗೆಯನ್ನು ಕೊಡವಿ ಒಳಗೆ ಹಾಸಿದಳು. "ಸದ್ಯ, ನಿಮಗೇನೂ ಆಗಿಲ್ವಲ್ಲ! ಅಂದಹಾಗೆ, ಕಾಯಂ ಪತ್ರ ಎಲ್ಲಿ?"

ಘೀಸೂಲಾಲ ಎಲ್ಲವನ್ನೂ ಹೇಳಿದ. ಸೋಹನಿ ಹಾಸಿಗೆ ಸುತ್ತಿ ಮತ್ತೆ ಜಗಲಿಗೆ ಎಸೆದಳು.