ವಾಲಿದ ನೋಟ

ಜಾರುಬಂಡೆಯ ನಕ್ಷೆಯಲ್ಲಿ, ಒಂದೊಂದು ಕಡೆಯಿಂದ ನೋಡಿ ಬರೆದ ನಾಲ್ಕು ನೋಟಗಳಿದ್ದವು. ಮುಂದಿನದು, ಪಕ್ಕದ್ದು, ಮೇಲಿನದು ಮೂರೂ ಮರ್ಯಾದಸ್ಥರ ಹಾಗೆ ನೆಟ್ಟಗೆ ನಿಂತಿದ್ದವು. ನಾಲ್ಕನೆಯದು ಮಾತ್ರ ಹಾಳೆಯ ಮೂಲೆಯಲ್ಲಿ, ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲೆ ತೂಕಡಿಸುವವನ ಹಾಗೆ ವಾಲಿಕೊಂಡಿತ್ತು. ಎಲ್ಲ ರಗಳೆಯೂ ಶುರುವಾದದ್ದು ಅದರಿಂದ.

ವಾಲಿದ್ದು ತಪ್ಪೇನಲ್ಲ. ಜಾರುವ ತಗಡಿನ ನಿಜವಾದ ಆಕಾರ ಕಾಣಬೇಕಾದರೆ ಅದರ ಇಳಿಜಾರಿಗೆ ನೇರ ಎದುರಾಗಿ ನೋಡಬೇಕು. ಹಾಗೆ ನೋಡಿ ತೆಗೆದ ನೋಟವನ್ನು ಕಂಪ್ಯೂಟರು ಆ ಇಳಿಜಾರಿಗೇ ಹೊಂದಿಸಿ, ವಾಲಿಸಿ ಕೂರಿಸುತ್ತದೆ. ಇದು ನಕ್ಷೆಗಾರನಿಗೆ ಗೊತ್ತಿತ್ತು. ಬೆಳಿಗ್ಗೆ ಅವನ ಬೆನ್ನ ಹಿಂದೆ ಬಂದು ನಿಂತ ಕಾರ್ಖಾನೆಯ ಯಜಮಾನರಿಗೆ ಗೊತ್ತಿರಲಿಲ್ಲ.

"ಇದ್ಯಾಕಯ್ಯ ಹೀಗೆ ಬಿದ್ಕೊಂಡಿದೆ?"

"ಸಾರ್, ಅದು ಇಳಿಜಾರಿನ..."

"ಸಂಜೆ ಶಾಲೆ ಹೆಡ್‌ಮಿಸ್ ಬರ್ತಾರೆ. ಕತ್ತು ವಾಲಿಸ್ಕೊಂಡು ನೋಡಿ ಮೇಡಂ ಅಂತ ಹೇಳ್ಲಾ ಅವರಿಗೆ? ನೆಟ್ಟಗೆ ನಿಲ್ಲಿಸು. ಅವರು ಒಪ್ಪಿ ಸೈನ್ ಹಾಕಿದ್ರೆ ಇವತ್ತೇ ನಿನ್ನ ಕೆಲಸ ಖಾಯಂ ಮಾಡೋ ಯೋಚನೆ ಇದೆ. ಹಿಂದಿನ ಮನೆ ಕೀಲೀನೂ ಕೊಡ್ತೀನಿ."

"ದೊಡ್ಡ ಉಪಕಾರ ಸಾರ್," ಎಂದ ನಕ್ಷೆಗಾರ.

ಅವನ ಬಾಯಲ್ಲಿ ಈ ಮಾತು ಉಸಿರಿನಷ್ಟೇ ಸಲೀಸು. ಮದುವೆಯಾದಾಗಿನಿಂದ ಅವನೂ ಹೆಂಡತಿಯೂ ಅವಳ ಅಣ್ಣನ ಮನೆಯ ಹಜಾರದಲ್ಲಿ, ಒಂದು ಪರದೆಯ ಹಿಂದೆ ಸಂಸಾರ ಹೂಡಿದ್ದರು. ಪರರ ಮನೆಯಲ್ಲಿ ಇರುವವನ ನಾಲಿಗೆ ಬೇಗ ಮೆತ್ತಗಾಗುತ್ತದೆ. ಬಿಸಿನೀರು ಬಿಟ್ಟುಕೊಟ್ಟಿದ್ದಕ್ಕೆ ಉಪಕಾರ, ಪೇಪರು ಕೊಟ್ಟಿದ್ದಕ್ಕೆ ಉಪಕಾರ, ಟೀವಿಯ ಸದ್ದು ತಗ್ಗಿಸಿದ್ದಕ್ಕೆ ಉಪಕಾರ. ಕೊನೆಗೆ ಆ ಚಾಳಿ ಆಫೀಸಿಗೂ ಬಂದು, ಎಲ್ಲರೂ ಅವನನ್ನು ಥ್ಯಾಂಕ್ಸಪ್ಪ ಎಂದೇ ಕರೆಯತೊಡಗಿದ್ದರು. ಕಾರ್ಖಾನೆಯ ಹಿಂದಿದ್ದ ಆ ಮನೆಗೆ ಎರಡೇ ಕೋಣೆ. ಆದರೆ ಎರಡಕ್ಕೂ ಬಾಗಿಲುಗಳಿದ್ದವು. ಆ ಬಾಗಿಲುಗಳನ್ನು ನೆನೆದೇ ಹೆಂಡತಿ ಆರು ತಿಂಗಳಿಂದ ನಿದ್ದೆ ಮಾಡುತ್ತಿದ್ದಳು.

ಯಜಮಾನರು ಆಚೆ ಹೋದದ್ದೇ ತಡ, ಕಾರ್ಖಾನೆಯ ಲೆಕ್ಕಪತ್ರ ನೋಡುವ ಮೇಡಂ ಕುರ್ಚಿ ಎಳೆದುಕೊಂಡು ಬಂದರು.

"ಇಷ್ಟಕ್ಕೆಲ್ಲ ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯ? ನಮ್ಮ ಮಗಳ ಫೋಟೋ ಎಲ್ಲ ನಾನೇ ತಿರುಗಿಸೋದು. ಕೊಡಿಲ್ಲಿ ಮೌಸು."

"ಮೇಡಂ, ಮೊದಲು ಅದರ ಹೊಂದಾಣಿಕೆ ಬಿಡಿಸ್ಬೇಕು..."

ಅಷ್ಟರಲ್ಲಿ ಮೇಡಂ ತಿರುಗಿಸಿಯಾಗಿತ್ತು. ತಿರುಗಿಸಿದ್ದು ಮಾತ್ರ ವಾಲಿದ ನೋಟವನ್ನಲ್ಲ, ಅದಕ್ಕೆ ಮೂಲವಾದ ಮುಂದಿನ ನೋಟವನ್ನು. ಮನೆಯ ಯಜಮಾನ ಮಗ್ಗುಲಾದರೆ ಹಾಸಿಗೆಯೆಲ್ಲ ಅಲ್ಲಾಡುವ ಹಾಗೆ, ಅದನ್ನು ನಂಬಿಕೊಂಡಿದ್ದ ನೋಟಗಳೂ ಅದರ ಜೊತೆ ಹೊರಳಿದವು. ಜಾರುಬಂಡೆ ಮಂಚದ ಹಾಗೆ ಮಲಗಿತು. ಹತ್ತುವ ಏಣಿ ಗಾಳಿಯಲ್ಲಿ ಕಾಲು ಚಾಚಿತು. ವಾಲಿದ್ದ ನೋಟ ನೆಟ್ಟಗಾಗಿದ್ದೇನೋ ನಿಜ, ಆದರೆ ಹಾಳೆಯ ಅಂಚು ದಾಟಿ ಅರ್ಧ ಆಚೆ ನಿಂತಿತ್ತು.

"ನೋಡು, ನೆಟ್ಟಗಾಯ್ತು," ಎಂದರು ಮೇಡಂ. "ಕೆಲಸ ಆದ ತಕ್ಷಣ ಸೇವ್ ಮಾಡ್ಬಿಡ್ಬೇಕು, ಗೊತ್ತಾಯ್ತಾ?" ಸೇವ್ ಮಾಡಿಯೂ ಬಿಟ್ಟರು.

"ದೊಡ್ಡ ಉಪಕಾರ ಮೇಡಂ," ಎಂದ ನಕ್ಷೆಗಾರ, ಅಳು ನುಂಗಿಕೊಂಡು.

ಸದ್ದು ಕೇಳಿ ಉಗ್ರಾಣದವನು ಬಂದ. ಅವನು ಮಾತಾಡಿದರೆ ಒಂದೋ ಬೀಗ, ಇಲ್ಲವೇ ಜಗಳ. "ಇವೆಲ್ಲ ಒಂದಕ್ಕೊಂದು ಅಂಟ್ಕೊಂಡಿರೋದೇ ತೊಂದರೆ. ನಾನು ನಮ್ಮಣ್ಣ ತಮ್ಮಂದಿರ ಜೊತೆ ಮಾಡಿದ ಹಾಗೆ ಮಾಡು. ಬೇರೆ ಮಾಡಿ ಬಿಸಾಕು." ಎಂದವನೇ ನೋಟಗಳ ಹೊಂದಾಣಿಕೆಯನ್ನೆಲ್ಲ ಒಂದೊಂದಾಗಿ ಮುರಿದ. ಬೇರೆಯಾದ ಅಣ್ಣತಮ್ಮಂದಿರ ಹಾಗೆಯೇ ನೋಟಗಳು ದಿಕ್ಕಿಗೊಂದಾದವು. ಏಣಿಯ ತುದಿಗೂ ಜಾರುವ ತಗಡಿಗೂ ಮುಖ ನೋಡುವಷ್ಟು ಸಂಬಂಧವೂ ಉಳಿಯಲಿಲ್ಲ.

"ಉಪಕಾರ ಆಯ್ತಣ್ಣ."

ಕೊನೆಯಲ್ಲಿ ಬಂದವರು ಖರೀದಿ ವಿಭಾಗದ ಹಿರಿಯರು. ಆಫೀಸಿಗೆಲ್ಲ ಅವರು ಮಾವ. ಮೃದು ಮನಸ್ಸಿನವರು, ಒಡಕು ಕಂಡರೆ ಸಹಿಸರು. "ಪಾಪ, ಎಲ್ಲ ಚೆಲ್ಲಾಪಿಲ್ಲಿ ಆಗಿವೆ. ಒಂದು ಸಾಲಿಗೆ ತರೋಣ ಇರು ಮಗಾ." ಎಲ್ಲ ನೋಟಗಳನ್ನೂ ಆರಿಸಿ ಅಡ್ಡ ಸಾಲಿಗೆ ಹೊಂದಿಸಿದರು. ಅದೂ ಸಾಲದೆಂದು ಉದ್ದ ಸಾಲಿಗೂ ಹೊಂದಿಸಿದರು. ನಾಲ್ಕೂ ನೋಟಗಳು ಹಾಳೆಯ ನಡುವೆ ಒಂದರ ಮೇಲೊಂದು ಬಿದ್ದು, ಮಳೆಗೆ ಒಂದೇ ಕೊಡೆಯಡಿ ನುಗ್ಗಿದ ಜನದ ಹಾಗೆ ಕಂಡವು.

"ಏನೋ ಗಿಜಿಗಿಜಿ ಅನ್ಸುತ್ತೆ," ಎಂದರು ಮಾವ. "ಆದ್ರೂ ಒಗ್ಗಟ್ಟಾಗಿವೆ."

"ನಿಮ್ಮ ಉಪಕಾರ ಮರೆಯಲ್ಲ ಮಾವ."

ಮೂವರೂ ಊಟಕ್ಕೆ ಎದ್ದಾಗ ನಕ್ಷೆಗಾರ ಡಬ್ಬಿ ಮುಟ್ಟಲಿಲ್ಲ. ಖಾಲಿ ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಅವನ ಜೊತೆಗಿತ್ತು. ಮುಂದಿನ ನೋಟವನ್ನು ತಿರುಗಿಸಿ ಮೊದಲಿನ ಹಾಗೆ ನಿಲ್ಲಿಸಿದ. ಪಕ್ಕದ್ದನ್ನು ಅದರ ಸಾಲಿಗೆ, ಮೇಲಿನದನ್ನು ಅದರ ನೇರಕ್ಕೆ ತಂದು ಹೊಂದಿಸಿದ. ಇಳಿಜಾರಿನ ನೋಟವನ್ನು ಮಾತ್ರ ಬಿಡಿಯಾಗಿಯೇ ಇರಿಸಿ ನೆಟ್ಟಗೆ ತಿರುಗಿಸಿ, ಎಷ್ಟು ಡಿಗ್ರಿ, ಯಾವ ಕಡೆಗೆ ತಿರುಗಿಸಿದೆ ಎಂದು ತೋರಿಸಲು ಕೆಳಗೊಂದು ಬಾಣ ಹಾಕಿದ. ತಲೆಕೆಳಗಾಗಿದ್ದ ಅಳತೆಗಳನ್ನೆಲ್ಲ ಮತ್ತೆ ಬರೆದ. ಮುಗಿಯುವಾಗ ಬೆರಳುಗಳು ಮರಗಟ್ಟಿದ್ದವು, ನಕ್ಷೆ ಮಾತ್ರ ಕನ್ನಡಿಯಂತಿತ್ತು.

ಸಂಜೆ ಬಂದ ಹೆಡ್‌ಮಿಸ್ ಕನ್ನಡಕ ಏರಿಸಿ ಹಾಳೆಯನ್ನು ನೋಡಿದರು. ಬಾಣದ ಮೇಲೆ ಬೆರಳಿಟ್ಟು, "ಇದು ತಿರುಗಿಸಿ ತೋರಿಸಿರೋದು ಅಲ್ವಾ? ನನಗೇ ಅರ್ಥವಾಯ್ತು ನೋಡಿ," ಎಂದು ಸಂತೋಷದಿಂದ ಸೈನ್ ಹಾಕಿ ಹೊರಟರು.

ಯಜಮಾನರು ಮೇಜಿನ ಡ್ರಾಯರಿನಿಂದ ಕೀಲಿ ತೆಗೆದರು. "ಭೇಷ್. ಅಚ್ಚುಕಟ್ಟಾಗಿ ಮಾಡಿದ್ದೀಯ."

ಬಾಗಿಲಲ್ಲಿ ಮೇಡಂ, ಉಗ್ರಾಣದವನು, ಮಾವ ಮೂವರೂ ನಗುತ್ತ ನಿಂತಿದ್ದರು. ನಕ್ಷೆಗಾರನ ಕಣ್ಣು ತುಂಬಿ ಬಂತು. ಬೆಳಗಿನಿಂದ ತನಗಾಗಿ ತಮ್ಮ ಕೆಲಸ ಬಿಟ್ಟು ಬಂದವರು. ಕೆಡಿಸಿದ್ದು ಕೆಡಿಸಿದರು, ಆದರೆ ತನ್ನ ಒಳ್ಳೆಯದಕ್ಕೆ ತಾನೇ. ಅವನ ನಾಲಿಗೆ ಅವನನ್ನು ಕೇಳದೆ ಹೊರಟಿತು.

"ನಂದೇನಿಲ್ಲ ಸಾರ್. ಎಲ್ಲ ಇವರ ಉಪಕಾರ. ತಿರುಗಿಸಿದ್ದು ಮೇಡಂ. ಬಿಡಿಸಿ ಕೊಟ್ಟಿದ್ದು ಉಗ್ರಾಣದಣ್ಣ. ಸಾಲಿಗೆ ತಂದಿದ್ದು ಮಾವ."

ಕೀಲಿ ಅರ್ಧ ದಾರಿಯಲ್ಲಿ ನಿಂತಿತು. "ಹೌದೇನ್ರೀ?"

"ಏನೋ ಸಾರ್, ಕೈಲಾದಷ್ಟು," ಎಂದರು ಮೇಡಂ ನಾಚಿಕೊಂಡು. ಉಗ್ರಾಣದವನು ಮೀಸೆ ನೇವರಿಸಿದ. ಮಾವ, "ಹುಡುಗ ಒಳ್ಳೆಯವನು. ಹೇಳಿಕೊಟ್ರೆ ಕಲೀತಾನೆ," ಎಂದರು.

"ಹಾಗಾದ್ರೆ ಕಲೀಲಿ," ಎಂದರು ಯಜಮಾನರು. ಕೀಲಿ ಡ್ರಾಯರಿಗೆ ಮರಳಿತು. "ಖಾಯಂ ವಿಷಯ ಇನ್ನಾರು ತಿಂಗಳು ಬಿಟ್ಟು ನೋಡೋಣ. ಅಲ್ಲಿವರೆಗೆ ನೀವು ಮೂವರೂ ದಿನಾ ಬೆಳಿಗ್ಗೆ ಇವನ ಪಕ್ಕ ಕೂತ್ಕೊಂಡು ತಿದ್ದಿ."

"ದೊಡ್ಡ ಉಪಕಾರ ಸಾರ್," ಎಂದಿತು ನಾಲಿಗೆ.

ಮನೆಯಲ್ಲಿ ಹೆಂಡತಿ ಪರದೆಯ ಹಿಂದೆ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಇಷ್ಟಾದ್ರೂ ಅವರಿಗೆ ಉಪಕಾರ ಅಂದ್ರಾ?" ಎಂದು ಕೇಳಿದಳು.

"ಅಂದೆ."

ಪರದೆಯ ಆಚೆ ಅವಳ ಅಣ್ಣ ಕೆಮ್ಮಿದರು. ಪರದೆ ಮಾತು ತಡೆಯುವಷ್ಟು ದಪ್ಪವಿರಲಿಲ್ಲ. "ಇರಿ ಭಾವ, ಇನ್ನಾರು ತಿಂಗಳು ಅಂದ್ರೆ ಎಷ್ಟು ಮಹಾ. ನಿಜ ಹೇಳ್ಬೇಕಂದ್ರೆ ಆ ಮನೆ ಮಾತು ಎದ್ದಾಗಿನಿಂದ ನನಗೇ ಒಂಥರಾ ಆಗಿತ್ತು. ನೀವು ಹೊರಟುಹೋದ್ರೆ ಈ ಮನೇಲಿ ನಾನು ಮಾಡಿದ್ದಕ್ಕೆ ಉಪಕಾರ ಅನ್ನೋರು ಯಾರಿದ್ದಾರೆ?"

ನಕ್ಷೆಗಾರನ ಎದೆ ತುಂಬಿತು. ಉತ್ತರಿಸಲು ಬಾಯಿ ತೆರೆದ. ಹೆಂಡತಿ ಥಟ್ಟನೆ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.