ಪೇರಲ ಗಿಡಕ್ಕೆ ನಾನೇ ಜಾಮೀನು

ಕೊಡಲಿ ಹಿಡಿದ ಹೆಂಡತಿಯ ಎದುರು ಒಮ್ಮೆಯಾದರೂ ನಿಂತವರು ಮಾತ್ರ ಮುಂದೆ ಓದಿ. ಉಳಿದವರಿಗೆ ನನ್ನ ಭಯ ಅರ್ಥವಾಗುವುದಿಲ್ಲ.

ಶಹಾಬಾದಿನ ನಮ್ಮ ಹಿತ್ತಲೆಂದರೆ ಪೂರ್ತಿ ಹಾಸುಗಲ್ಲು. ನಾಲ್ಕು ವರ್ಷದ ಹಿಂದೆ ಒಂದು ಕಲ್ಲು ಕಿತ್ತು, ಓಣಿಗೆಲ್ಲ ಹಣ್ಣು ಹಂಚುವುದಾಗಿ ಘೋಷಿಸಿ, ನಾನೊಂದು ಪೇರಲ ಗಿಡ ನೆಟ್ಟೆ. ನನ್ನ ಹೆಂಡತಿ ಯಶೋಧರಾ ಯಾವ ಘೋಷಣೆಯೂ ಇಲ್ಲದೆ ಬಣ್ಣದ ಖಾಲಿ ಡಬ್ಬಿಗಳಲ್ಲಿ ಟೊಮೆಟೊ ಹಾಕಿದಳು. ಅವಳ ಡಬ್ಬಿಗಳು ವಾರಕ್ಕೊಂದು ಬುಟ್ಟಿ ಕೊಟ್ಟವು. ನನ್ನ ಪೇರಲ ಬರೀ ನೆರಳು ಕೊಟ್ಟಿತು, ಅದೂ ಅವಳ ಟೊಮೆಟೊ ಮೇಲೆ.

"ಇದನ್ನ ಕಡದು ಅಲ್ಲೂ ಟಮಾಟಿ ಹಚ್ತೀನಿ" ಎಂದಳು ಒಂದು ದಿನ.

ಆಗ ಅಡ್ಡ ಬಂದವರು ಪಕ್ಕದ ಮನೆಯ ಅಖ್ತರ ಬೇಗಂ. ಕಾಯಿ ಬಿಡದ ಗಿಡವನ್ನು ಕಡಿಯುವ ಮೊದಲು ಹೆದರಿಸಿ ನೋಡಬೇಕಂತೆ. ಒಬ್ಬರು ಕೊಡಲಿ ಎತ್ತಬೇಕು, ಇನ್ನೊಬ್ಬರು ಗಿಡಕ್ಕೆ ಜಾಮೀನು ನಿಲ್ಲಬೇಕು. ಅವರ ತವರು ಸುಲೇಪೇಟದಲ್ಲಿ ಹೀಗೆ ಹೆದರಿದ ನಿಂಬೆ ಗಿಡವೊಂದು ಇನ್ನೂ ಚೇತರಿಸಿಕೊಳ್ಳದೆ ಕಾಯಿ ಬಿಡುತ್ತಲೇ ಇದೆಯಂತೆ. (ಕೊಡಲಿ ಯಾರ ಕೈಗೆ ಎಂಬುದನ್ನು ನಮ್ಮ ಮನೆಯಲ್ಲಿ ಚರ್ಚಿಸುವ ಪದ್ಧತಿಯಿಲ್ಲ.)

ಭಾನುವಾರ ಬೆಳಿಗ್ಗೆ ಯಶೋಧರಾ ಸೆರಗು ಸಿಕ್ಕಿಸಿ ಕೊಡಲಿ ಎತ್ತಿದಳು. ಬೇಗಂ ಗೋಡೆಯ ಮೇಲಿಂದ ಇಣುಕುತ್ತಿದ್ದರು.

"ನಾಕ್ ವರ್ಷ ಆತು, ನಿಂತಲ್ಲೇ ತಿಂತಿ, ನಿಂತಲ್ಲೇ ಕುಡಿತಿ. ಒಂದಿನರ ಉಪಯೋಗಕ್ಕ ಬಂದೀದಿ ಏನು?"

ಹೇಳಿದ್ದು ಗಿಡಕ್ಕೇ. ತಲೆ ತಗ್ಗಿಸಿದ್ದು ನಾನು. ಗಿಡವನ್ನು ತಬ್ಬಿಕೊಂಡೆ.

"ಇದೊಂದು ವರ್ಷ ಬಿಡ್ರಿ. ಇದರ ತಪ್ಪಿಗೆಲ್ಲ ನಾ ಜವಾಬ್ದಾರಿ." (ಹೆಂಡತಿಗೆ 'ರಿ' ಹಚ್ಚಿದ್ದು ಅದೇ ಮೊದಲು ಎನ್ನುವಂತಿಲ್ಲ.)

ಅವಳು ಬುಡಕ್ಕೆ ಗುರಿ ಹಿಡಿಯಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

"ಇಲ್ಲಿ ಮೆಂತೆ ಪಲ್ಯ ಯಾರು ಹಾಕ್ಯಾರ?"

ನನ್ನ ಸಕ್ಕರೆ ಕಾಯಿಲೆಗೆಂದು ಅವಳು ದಿನಾ ಬೆಳಿಗ್ಗೆ ನೆನೆಸಿದ ಮೆಂತ್ಯದ ಕಾಳು ಕೊಡುತ್ತಿದ್ದಳು. ನಾನು ಗಿಡ ನೋಡುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಅದನ್ನು ಬುಡಕ್ಕೆ ಸುರಿದು ಖಾಲಿ ಲೋಟ ತರುತ್ತಿದ್ದೆ. ಅಲ್ಲಿ ಮೊಳೆತೆದ್ದ ಮೆಂತ್ಯದ ಸೊಪ್ಪನ್ನು ಹುಲ್ಲೆಂದುಕೊಂಡಿದ್ದೆ. ಕೊಡಲಿ ಇನ್ನೂ ಮೇಲೆಯೇ ಇತ್ತು, ಎಲ್ಲ ಒಪ್ಪಿಕೊಂಡೆ.

ಯಶೋಧರಾ ಬೈಯಲಿಲ್ಲ. ಕೊಡಲಿ ಇಳಿಸಿ, "ನಿಮಗೇನರ ಆದ್ರ ನಾ ಏನ್ ಮಾಡ್ಲಿ?" ಎಂದಳು. ಅವಳ ಧ್ವನಿ ನಡುಗುತ್ತಿತ್ತು. ನನಗೆ ಅವತ್ತು ಮೊದಲ ಸಲ ನಿಜವಾದ ಹೆದರಿಕೆಯಾಯಿತು. ಗಿಡದ್ದೇನೂ ತಪ್ಪಿಲ್ಲವೆಂದು ಆಮೇಲೆ ಅವಳೇ ತೀರ್ಪು ಕೊಟ್ಟಳು. ಜಾಮೀನು ನಿಂತವನ ವಿಚಾರಣೆ ಮಾತ್ರ ಬಾಕಿ ಉಳಿಯಿತು.

ಗಿಡ ಹೆದರಿತೋ, ಮೆಂತ್ಯವೇ ಗೊಬ್ಬರವಾಯಿತೋ, ಈ ಚಳಿಗಾಲದಲ್ಲಿ ಟೊಂಗೆ ಬಾಗುವಷ್ಟು ಕಾಯಿ. ನನ್ನ ಘೋಷಣೆಯಂತೆ ಓಣಿಗೆಲ್ಲ ಹಂಚಿದೆವು. ಕೊನೆಗೆ ಒಂದು ಹಣ್ಣಿಗೆ ನಾನೂ ಕೈ ಹಾಕಿದೆ. ಗೋಡೆಯಾಚೆಯಿಂದ ಬೇಗಂ ಯಶೋಧರಾಳನ್ನು ಕರೆದರು.

"ಭಾಭಿ, ಅವರಿಗಿ ಹಣ್ಣು ಬ್ಯಾಡ. ಅದರ ಎಲಿ ಕುದಿಸಿ ಕುಡಸ್ರಿ, ಶುಗರ್ ಭಾಳ ಇಳೀತದಂತ."

ಈಗ ಹಣ್ಣು ಓಣಿಗೆ, ಎಲೆ ನನಗೆ. ಲೋಟ ಖಾಲಿಯಾಗುವವರೆಗೆ ಯಶೋಧರಾ ಎದುರಿಗೇ ಕೂತಿರುತ್ತಾಳೆ. ಕೊಡಲಿ ಬಾಗಿಲ ಹಿಂದೆ ಇರುತ್ತದೆ.