ಅತ್ತೆ ಎದುರಿಗೆ ಬಂದಳೆಂದರೆ

ನಮ್ಮತ್ತೆಯ ಮುಖ ಕಂಡರೆ ಮೈಸೂರಿನ ದೊಡ್ಡ ದೊಡ್ಡ ಗಂಡಸರು ಬೆವರುತ್ತಿದ್ದರು! ಉತ್ಪ್ರೇಕ್ಷೆ ಎನ್ನುತ್ತೀರಾ? ಸೂಟು ತೊಟ್ಟವರು, ಪೈಪು ಕಚ್ಚಿದವರು, ವಿಲಾಯತಿಗೆ ಹೋಗಿ ಓದಿ ಬಂದವರು ಬೆವರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆಂದು ಅತ್ತೆಯೇನು ರಾಕ್ಷಸಿಯಲ್ಲ. ಗಿಡ್ಡನೆಯ ಹೆಂಗಸು, ನಕ್ಕರೆ ಕೆನ್ನೆಯಲ್ಲಿ ಗುಳಿ. ಹಣೆಯಲ್ಲಿ ಕುಂಕುಮವಿರಲಿಲ್ಲ, ಅಷ್ಟೇ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅತ್ತೆಯ ಗಂಡ ಜ್ವರದಿಂದ ತೀರಿಕೊಂಡರು. ಬಾಡಿಗೆ ಕಾರು ಓಡಿಸುತ್ತಿದ್ದವರು, ಹೆಂಡತಿಗೂ ಕಲಿಸಿದ್ದರು. ಅತ್ತೆ ನಜರ್‌ಬಾದಿನ ನಮ್ಮ ಮನೆಗೆ, ಅಂದರೆ ತವರಿಗೆ, ವಾಪಸು ಬಂದದ್ದು ಅದೇ ಕಾರನ್ನು ತಾನೇ ಓಡಿಸಿಕೊಂಡು. ಅವಳ ಗಂಡ ಸತ್ತದ್ದಕ್ಕಿಂತ ಬೀದಿಯ ಜನ ಇದಕ್ಕೇ ಹೆಚ್ಚು ನೊಂದುಕೊಂಡರು. ಅಂದಿನಿಂದ ಮನೆಯಲ್ಲೊಂದು ಕಟ್ಟಳೆ ಶುರುವಾಯಿತು. ತಾತ ಕೋರ್ಟಿಗೆ ಹೊರಟರೂ ಸರಿ, ಅಪ್ಪ ಸಂತೆಗೆ ಹೊರಟರೂ ಸರಿ, ಅಜ್ಜಿ ಮೊದಲು ಅಡಿಗೆಮನೆಯ ಕಡೆ ತಿರುಗಿ ಹೇಳುತ್ತಿದ್ದಳು: "ನೀನು ಈಚೆಗೆ ಬರಬ್ಯಾಡ ಕಣವ್ವ, ಅವರು ಹೊರಟುಬುಡ್ಲಿ." ಹೆತ್ತ ಮಗಳಿಗೆ ಆಡುವ ಮಾತೇ ಇದು? ಆಡುತ್ತಿದ್ದಳು, ಅದೂ ಬಹಳ ಪ್ರೀತಿಯಿಂದ.

ಆಗ ಊರಿನ ಮೋಟಾರು ಕ್ಲಬ್ಬೊಂದು ವರ್ಷಕ್ಕೊಮ್ಮೆ ಬೆಟ್ಟದ ರಸ್ತೆಯಲ್ಲಿ ಕಾರಿನ ರೇಸು ನಡೆಸುತ್ತಿತ್ತು. ಒಂದೊಂದೇ ಕಾರು ಬಿಡುವುದು. ಗಡಿಯಾರದ ಲೆಕ್ಕದಲ್ಲಿ ಬೇಗ ಮೇಲೆ ಮುಟ್ಟಿದವರಿಗೆ ಬೆಳ್ಳಿಯ ಕಪ್. ಅತ್ತೆ ಅದರ ಮೇಲೆ ಕಣ್ಣು ಹಾಕಿದಳು. ಬೆಳ್ಳಿಯ ಆಸೆಗಲ್ಲ.

"ಗೆದ್ದೋರ ಫೋಟೋ ಪೇಪರ್ನಲ್ಲಿ ಹಾಕ್ತಾರೆ ಕಣೇ," ಎಂದಳು ನನಗೆ. "ಬೆಳಿಗ್ಗೆ ಎದ್ದು ಪೇಪರ್ ಬಿಡಿಸಿದ್ರೆ ಊರೋರೆಲ್ಲ ಮೊದಲು ನನ್ನ ಮುಖಾನೇ ನೋಡಬೇಕು. ಏನಾಗುತ್ತೋ ನೋಡೇಬುಡಾನ."

ಹೆಂಗಸು ಓಡಿಸಿದರೆ ಜನ ಸೇರುತ್ತಾರೆಂದು ಕ್ಲಬ್ಬಿನವರೂ ಒಪ್ಪಿಕೊಂಡರು. ಸರ್ಕಸ್ಸಿಗೆ ಕರಡಿಯೂ ಬೇಕಲ್ಲ!

ಶುರುವಾಯಿತು ನೋಡಿ ಅತ್ತೆಯ ತಾಲೀಮು. ದಿನಾ ರುಬ್ಬುವ ಕಲ್ಲಿನ ಮೇಲೆ ಕೂತು, ಕೈಯಲ್ಲಿ ಜರಡಿ ಹಿಡಿದು, ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಬೆಟ್ಟ ಹತ್ತುತ್ತಿದ್ದಳು. "ಎಡ, ಎಡ, ಹುಣಿಸೇಮರ, ಬಲ, ಬ್ರೇಕು..." ಪಕ್ಕದ ಮನೆಯಾಕೆ ಮಂತ್ರವಾದಿಯ ವಿಳಾಸ ತಂದುಕೊಟ್ಟಳು. ಮನೆಯಲ್ಲಿ ಸೋಲು ಎಂಬ ಮಾತಿಗೇ ಪ್ರವೇಶವಿರಲಿಲ್ಲ. ಒಮ್ಮೆ ಅಪ್ಪ ಪಾಪ ಸಮಾಧಾನಕ್ಕೆಂದು, "ಸೋತ್ರೆ ಬೇಜಾರು ಮಾಡ್ಕೋಬೇಡ," ಅಂದುಬಿಟ್ಟರು. ಅವತ್ತು ಅವರ ಮುದ್ದೆಗೆ ಸಾರು ಬೀಳಲಿಲ್ಲ.

ಮೊದಲ ವರ್ಷ ಅತ್ತೆಯನ್ನು ಸೋಲಿಸಿದ್ದು ಮನೆಯ ದೈವಭಕ್ತಿ. ರೇಸಿನ ಬೆಳಿಗ್ಗೆ ಕಾರಿಗೆ ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ಇಂಜಿನ್ನಿಗೆ ನೀರು ಹಾಕಬೇಕೆಂದು ಅತ್ತೆ ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು ಬಿಂದಿಗೆ ತರಲು ಒಳಗೆ ಹೋದಳು. ಅಜ್ಜಿ ಅದನ್ನೇ ಅಭಿಷೇಕದ ಜಾಗವೆಂದು ತಿಳಿದು, ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಬೆರೆಸಿದ ಪಂಚಾಮೃತವನ್ನು ಚೊಂಬಿನ ತುಂಬ ಸುರಿದಳು! ಇದೇನೂ ತಿಳಿಯದ ಅತ್ತೆ ಅದರ ಮೇಲೇ ನೀರು ಹೊಯ್ದು ಮುಚ್ಚಳ ಹಾಕಿದಳು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಕಾರಿನಿಂದ ಪಾಲುಕೋವದ ಪರಿಮಳ. ಇಂಜಿನ್ನು ಕುದಿದು ಕೂತುಬಿಟ್ಟಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ನಗಲಿಲ್ಲ, ಅಜ್ಜಿಯನ್ನು ಬಯ್ಯಲೂ ಇಲ್ಲ. ಬೆಟ್ಟದಿಂದ ನಡೆದುಕೊಂಡೇ ಇಳಿದು ಬಂದು, ಮಾರನೆಯ ದಿನ ಮತ್ತೆ ಜರಡಿ ಹಿಡಿದು ಕೂತಳು.

ಎರಡನೆಯ ವರ್ಷ ಗಂಡಸರೆಲ್ಲ ಸೇರಿ ಕ್ಲಬ್ಬಿನ ಅಧ್ಯಕ್ಷರ ಕಿವಿಯಲ್ಲಿ ಏನೋ ಊದಿದರು. ಅತ್ತೆಯ ಕಾರನ್ನು ಕಟ್ಟಕಡೆಗೆ ಬಿಡುವುದೆಂದು ತೀರ್ಮಾನವಾಯಿತು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೊರಡುವಾಗ ಮುಂಡೆ ಎದುರಾಗಬಾರದು ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಾರೆ?

ಅತ್ತೆಗೆ ಅರ್ಥವಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನಿಂದ ಇಳಿದಳು. ಸಾಲಾಗಿ ನಿಂತಿದ್ದ ಪ್ರತಿಯೊಂದು ಕಾರಿನ ಮುಂದೆಯೂ ಹೋಗಿ ನಿಂತು, ಕೈಮುಗಿದು, ಗುಳಿ ಬೀಳುವಂತೆ ನಕ್ಕು, "ಒಳ್ಳೇದಾಗ್ಲಿ ಸ್ವಾಮಿ, ಹೋಗ್ಬನ್ನಿ," ಎಂದಳು. ಒಬ್ಬರ ಕಾಲು ಕ್ಲಚ್ಚಿನ ಮೇಲಿಂದ ಜಾರಿ ಕಾರು ನಿಂತಲ್ಲೇ ನಿಂತಿತು. ಇನ್ನೊಬ್ಬರು ತಿರುವಿನಲ್ಲಿ ದೇವರ ಹೆಸರು ಹೇಳುತ್ತಾ ಚರಂಡಿಗಿಳಿದರು. ಯಂತ್ರಶಾಸ್ತ್ರ ಓದಿದ ಮಹಾಶಯರೊಬ್ಬರಂತೂ ಮನೆಗೆ ವಾಪಸು ಹೋಗಿ, ಕಾಲು ತೊಳೆದು, ಕೂತು ನೀರು ಕುಡಿದು ಬರುವಷ್ಟರಲ್ಲಿ ರೇಸೇ ಮುಗಿದಿತ್ತು.

ಕಡೆಗೆ ಹೊರಟ ಅತ್ತೆ ಎಲ್ಲರಿಗಿಂತ ಬೇಗ ಬೆಟ್ಟ ಹತ್ತಿದಳು. ಸೋತವರು ತೀರ್ಪುಗಾರರ ಮುಂದೆ ಗುಂಪುಗೂಡಿದರು. ತೀರ್ಪುಗಾರರು ಹೊರ ಊರಿನಿಂದ ಬಂದಿದ್ದ ಒಬ್ಬ ಪಾರ್ಸಿ ಮುದುಕರು. "ಆಕೆ ನಿಮಗೇನು ಮಾಡಿದಳು?" ಎಂದು ಕೇಳಿದರು. ಒಬ್ಬೊಬ್ಬರೂ ಟೈ ಸರಿಮಾಡಿಕೊಳ್ಳುತ್ತಾ ತಮ್ಮ ತಮ್ಮ ಕಾರಿನ ಕಡೆ ನಡೆದರು.

ಗೆದ್ದಾಯಿತು, ಇನ್ನೇನು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಸಂಜೆ ಬಹುಮಾನ ಹಂಚಿದವರು ಅಧ್ಯಕ್ಷರ ಪತ್ನಿ. ಎರಡನೆಯವರಿಗೂ ಮೂರನೆಯವರಿಗೂ ಕೈಗೇ ಕೊಟ್ಟು, ಹಾರ ಹಾಕಿದರು. ಅತ್ತೆಯ ಸರದಿ ಬಂದಾಗ ಮುತ್ತೈದೆಯ ಕೈ ಹಿಂದೆ ಸರಿಯಿತು. "ಮೇಜಿನ ಮೇಲಿದೆ, ತಗೊಳ್ಳಿ," ಎಂದರು. ಅತ್ತೆ ತೆಗೆದುಕೊಂಡಳು. ಮಾರನೆಯ ದಿನದ ಪತ್ರಿಕೆಯಲ್ಲಿ ಕಾರಿನ ಚಿತ್ರವಿತ್ತು, ಬಾನೆಟ್ಟಿನ ಮೇಲೆ ಕಪ್ ಇತ್ತು. ಅತ್ತೆ ಎಲ್ಲೂ ಇರಲಿಲ್ಲ. ಆ ಊರಿನ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅತ್ತೆ ಪತ್ರಿಕೆಯನ್ನು ಮಡಿಸಿ ಡಬ್ಬಿಯ ತಳಕ್ಕೆ ಹಾಸಿ, ಅದರ ಮೇಲೆ ಕಡಲೆಬೇಳೆ ತುಂಬಿಸಿದಳು. ಮತ್ತೆ ರೇಸಿಗೆ ಹೋಗಲಿಲ್ಲ. ನನ್ನನ್ನು ತಯಾರು ಮಾಡಲು ಕೂತಳು.

ವರ್ಷಗಳು ಕಳೆದು ನನ್ನ ರೇಸಿನ ದಿನ ಬಂತು. ಅಜ್ಜಿ ಆಗ ತೀರಿಕೊಂಡಿದ್ದಳು; ಯಾರನ್ನೂ ಒಳಗೆ ಕೂರಿಸುವವರು ಮನೆಯಲ್ಲಿರಲಿಲ್ಲ. ಅತ್ತೆ ಬೆಳಗಿನ ಜಾವವೇ ಎದ್ದು ಪ್ಲಗ್ಗು ಉಜ್ಜಿ, ಟೈರು ನೋಡಿ, ನನಗೆ ಉಪ್ಪಿಟ್ಟು ತಿನ್ನಿಸಿದ್ದಳು. ಹೊರಡಬೇಕು, ನೋಡಿದರೆ ಅತ್ತೆ ಇಲ್ಲ. ಕೂಗಿದೆ. ಹುಡುಕಿಕೊಂಡು ಹೋದರೆ ಬಚ್ಚಲುಮನೆಯ ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ.

"ಇಲ್ಲೇನು ಮಾಡ್ತಿದ್ದೀಯ ಅತ್ತೆ?"

"ನೀನು ಹೊರಡು ಕಣವ್ವ," ಎಂದಳು, ತಿರುಗದೆ. "ನೀನು ಬೀದಿ ದಾಟಿದ ಮೇಲೆ ಬರ್ತೀನಿ."

ಅಷ್ಟೊಂದು ಕಾರುಗಳ ಮುಂದೆ ನಗುತ್ತಾ ನಿಂತಿದ್ದ ಹೆಂಗಸು! ಊರಿಗೆಲ್ಲ ತೋರಿಸಿದ ಮುಖವನ್ನು ನನ್ನಿಂದ ಬಚ್ಚಿಡುತ್ತಿದ್ದಳು. ರಟ್ಟೆ ಹಿಡಿದು ಎಳೆದು ತಂದು ಕಾರಿನ ಮುಂದೆ ನಿಲ್ಲಿಸಿದೆ. ಬೇಡ ಬೇಡವೆಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗು ಸರಿಸಿ, ಒದ್ದೆಯಾಗಿದ್ದ ಆ ಮುಖವನ್ನು ಕಣ್ತುಂಬ ನೋಡಿಯೇ ಕಾರು ಹತ್ತಿದೆ.

ಅವತ್ತು ನಾನು ಗೆದ್ದೆ. ಗೆಲ್ಲದೆ ಬಂದಿದ್ದರೆ ಆ ಬಾಗಿಲ ಹಿಂದಿನಿಂದ ಅವಳನ್ನು ಮತ್ತೆ ಯಾರು ಈಚೆಗೆ ಕರೆತರುತ್ತಿದ್ದರು?